ಮನೆಮಾತು ಕೊಂಕಣಿ, ಕಥೆ ಕನ್ನಡದಲ್ಲಿ

ಪ್ರಾಥಮಿಕ ಶಾಲೆಯಲ್ಲಿ ನಾಗರಹಾವಿನ ಹಾಡು ಬಾಯಿಪಾಠ ಮಾಡಿದ ನಮಗೆಲ್ಲ ಪಂಜೆ ಮಂಗೇಶರಾಯರೆಂದರೆ ಮಕ್ಕಳ ಕವಿ. ಕನ್ನಡದ ಮೊದಮೊದಲ ಸಣ್ಣಕಥೆಗಳನ್ನು ಬರೆದವರೂ ಅವರೇ ಎಂಬುದು ನನಗೆ ತಿಳಿದದ್ದು ಎಂಜಿನಿಯರಿಂಗ್ ಸೇರಿದ ಮೇಲೆ.

ಅವರು ಹುಟ್ಟಿದ್ದು 1874ರಲ್ಲಿ, ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ. ಮನೆಯಲ್ಲಿ ಕೊಂಕಣಿ, ಹೊರಗೆ ತುಳು. ಕನ್ನಡ ಅವರಿಗೆ ಶಾಲೆ, ಪುಸ್ತಕಗಳ ಭಾಷೆ. ಹೆಜಮಾಡಿಯ ನನ್ನ ಕಥೆಯೂ ಹೆಚ್ಚುಕಡಿಮೆ ಇದೇ. ಮನೆಯಲ್ಲಿ ತುಳು, ಲ್ಯಾಬ್ ರೆಕಾರ್ಡ್ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಅಳುಕು. ಪಂಜೆಯವರ ಗದ್ಯದಲ್ಲಿ ಮಾತ್ರ ಆ ಅಳುಕು ಎಲ್ಲೂ ಕಾಣುವುದಿಲ್ಲ.

1900ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಿಂದ ‘ಸುವಾಸಿನಿ’ ಪತ್ರಿಕೆ ಹೊರಡಿಸುತ್ತಿದ್ದರು. ‘ನನ್ನ ಚಿಕ್ಕತಾಯಿ’ಯಂಥ ಪಂಜೆಯವರ ಕಥೆಗಳು ಬಂದದ್ದು ಅದರಲ್ಲೇ. ಪಂಡಿತರ ಗದ್ಯ ಹಳಗನ್ನಡದ ಭಾರದಲ್ಲಿ ಬಾಗಿದ್ದ ಕಾಲವದು. ಇವರು ಮನೆಮಂದಿ ಜಗಲಿಯಲ್ಲಿ ಕುಳಿತು ಆಡುವ ಮಾತನ್ನೇ ಕಥೆಯಾಗಿಸಿದರು, ಅದೂ ನಗಿಸುತ್ತ. ಸಣ್ಣಕಥೆಯೆಂದರೆ ಮೊದಲು ನೆನಪಾಗುವ ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ! ಆದರೂ ಪಂಜೆಯವರಿಗೆ ಆ ಹೆಸರು ಅಷ್ಟಾಗಿ ಅಂಟಲಿಲ್ಲ. ಅದಕ್ಕೆ ಅವರೂ ಸ್ವಲ್ಪ ಕಾರಣವಿರಬಹುದು. ರಾ.ಮ.ಪಂ., ಕವಿಶಿಷ್ಯ ಎಂದೆಲ್ಲ ಅಂಕಿತ ಹಾಕಿಕೊಂಡು ತಾವು ಮರೆಯಲ್ಲೇ ಉಳಿದರು.

ಬರವಣಿಗೆ ಅವರ ಹೊಟ್ಟೆಪಾಡಾಗಿರಲಿಲ್ಲ. ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದರು, ಶಾಲಾ ಇನ್‌ಸ್ಪೆಕ್ಟರ್ ಕೆಲಸ ಮಾಡಿದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯಸ್ಥರಾದರು. ಕೊಡಗಿನವರು ಇಂದಿಗೂ ತಮ್ಮದೆನ್ನುವ ಹುತ್ತರಿಯ ಹಾಡು ಈ ಬಂಟ್ವಾಳದವರದ್ದೇ. ಶಾಲೆ ಶಾಲೆ ಸುತ್ತಿ ಮಕ್ಕಳ ಓದು ಕಂಡವರಿಗೆ, ಅವರಿಗಾಗಿ ಬರೆಯುವುದೇ ಹೆಚ್ಚು ತುರ್ತಾಗಿ ತೋರಿರಬೇಕು. ಪಠ್ಯಪುಸ್ತಕ ಬರೆದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ದೊಡ್ಡವರ ಕಥೆಗಳು ಕೆಲವೇ ಕೆಲವಾದವು. ನನಗೆ ಇದೊಂದು ಬೇಸರ.

1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಮೂರು ವರ್ಷಗಳಲ್ಲಿ, 1937ರಲ್ಲಿ, ತೀರಿಕೊಂಡರು.

ತುಳುವಿನ ಋಣವನ್ನೂ ಅವರು ಉಳಿಸಿಕೊಳ್ಳಲಿಲ್ಲ. ಕೋಟಿ ಚೆನ್ನಯರ ಪಾಡ್ದನದ ಕಥೆಯನ್ನು ಕನ್ನಡ ಗದ್ಯಕ್ಕೆ ತಂದು ಪುಸ್ತಕ ಮಾಡಿದರು. ನನ್ನ ಅಜ್ಜಿಗೆ ಆ ಪಾಡ್ದನ ಗೊತ್ತು, ಪುಸ್ತಕ ಗೊತ್ತಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಓದಿ ಹೇಳುತ್ತೇನೆ ಎಂದಿದ್ದೇನೆ. ತಪ್ಪಿದ್ದರೆ ತಿದ್ದುತ್ತೇನೆ ಎಂದಿದ್ದಾರೆ ಅಜ್ಜಿ.