ಮುಧೋಳದ ರಾಜ, ಬೇಡರ ನಾಯಿ

ಸಿ.ವಿ. ರಾಮನ್ ನಗರದಲ್ಲಿ ಬೆಳಗ್ಗೆ ನಾಯಿ ಹಿಡ್ಕೊಂಡು ವಾಕಿಂಗ್ ಹೋಗೋರ ಜೊತೆ ಲ್ಯಾಬ್ರಡಾರ್, ಪಗ್, ಹಸ್ಕಿ ಎಲ್ಲಾ ಕಾಣುತ್ತವೆ. ಸಣ್ಣ ಸೊಂಟ, ಆಳದ ಎದೆ, ಉದ್ದ ಕಾಲಿನ ನಾಯಿ ಕಂಡ್ರೆ ಮಾತ್ರ ನಮ್ಮಲ್ಲಿ ಅರ್ಧ ಜನ ಗ್ರೇಹೌಂಡ್ ಅಂದುಬಿಡ್ತೀವಿ. ಅದು ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಇರಬಹುದು ಅಂತ ಹೊಳೆಯೋದೇ ಇಲ್ಲ. ಆ ನಾಯಿಗೆ ಊರಿನ ಹೆಸರು ಅಂಟುವಂತೆ ಮಾಡಿದವರು ರಾಜಾ ಸರ್ ಮಾಲೋಜಿರಾವ್ ಘೋರ್ಪಡೆ.

ಹುಟ್ಟಿದ್ದು 1884ರಲ್ಲಿ. 1900ರಲ್ಲಿ, ಅಂದ್ರೆ ಇವತ್ತಿನ ಪಿಯುಸಿ ಹುಡುಗರ ವಯಸ್ಸಿಗೆ, ಪಟ್ಟ ಬಂತು. ಸಂಸ್ಥಾನ ಚಿಕ್ಕದು, ಘಟಪ್ರಭೆಯ ದಂಡೆಯದು. ಘೋರ್ಪಡೆ ಅನ್ನೋ ಮನೆತನದ ಹೆಸರೇ ಮರಾಠಿಯ ಉಡದಿಂದ ಬಂದದ್ದು; ಉಡ ಕಟ್ಟಿ ಕೋಟೆ ಹತ್ತಿದ ಪೂರ್ವಿಕರ ಕತೆ ಆ ಮನೆಯಲ್ಲಿದೆ. 1920ರಲ್ಲಿ ಬ್ರಿಟಿಷರು ಸರ್ ಪದವಿಯನ್ನೂ ಕೊಟ್ಟರು. ಇಂಥ ಬಿರುದು ಪಡೆದ ರಾಜರು ಆಗ ಬೇಕಾದಷ್ಟಿದ್ದರು ಬಿಡಿ. ಮಾಲೋಜಿರಾವ್ ನೆನಪಲ್ಲಿ ಉಳಿದದ್ದು ನಾಯಿಯಿಂದ.

ಅವರ ಸೀಮೆಯ ಬೇಟೆಗಾರರು ತೆಳ್ಳಗಿನ ನಾಯಿಗಳನ್ನು ಸಾಕುತ್ತಿದ್ದರು. ವಾಸನೆ ಹಿಡಿದು ಹೋಗೋದಕ್ಕಿಂತ ಕಣ್ಣಿಂದ ನೋಡಿ ಅಟ್ಟೋ ಜಾತಿ. ಬಯಲುಸೀಮೆಯಲ್ಲಿ ಮೊಲ ಎದ್ದರೆ ದೂರದಿಂದಲೇ ಕಾಣುತ್ತೆ, ಆಮೇಲೆ ಕೆಲಸವೆಲ್ಲಾ ಕಾಲು ಮತ್ತು ಉಸಿರಿನದು. ಮಾಲೋಜಿರಾವ್ ಇವುಗಳಲ್ಲಿ ಒಳ್ಳೆಯವನ್ನು ಆರಿಸಿ, ಜೋಡಿ ಮಾಡಿಸಿ, ತಳಿ ಬೆಳೆಸಿದರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟರು. ಮುಧೋಳ ಹೌಂಡ್ ಅನ್ನೋ ಹೆಸರು ಹಬ್ಬಿದ್ದು ಅಲ್ಲಿಂದ.

ಇಲ್ಲಿ ನಮಗೆ ಒಂದು ವಿಷಯ ಕೊರೆಯುತ್ತೆ. ಇದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂತ ತಿರುಗಿಬಿದ್ದರು. ಬ್ರಿಟಿಷ್ ಪಡೆ ಊರಿಗೆ ಬೆಂಕಿ ಇಟ್ಟಿತು, 19 ಜನರನ್ನು ಗಲ್ಲಿಗೇರಿಸಿತು. ಲಾವಣಿ ಕೇಳಿದೋರಿಗೆ ಗೊತ್ತಿರುತ್ತೆ. ಬೇಟೆಯೇ ಬದುಕಾಗಿದ್ದವರ ಕೈಯಿಂದ ಕತ್ತಿ, ಬಂದೂಕು ಕಿತ್ತುಕೊಂಡ ಅದೇ ಸಾಮ್ರಾಜ್ಯದ ಅರಮನೆಗೆ, ಮುಂದೆ ಬೇಟೆಯ ನಾಯಿ ಉಡುಗೊರೆಯಾಗಿ ಹೋಯ್ತು. ಸಾಕಿ ಬೆಳೆಸಿದವರ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಹಾಗಂತ ರಾಜರ ಕೆಲಸವನ್ನ ತಳ್ಳಿಹಾಕೋಕಾಗಲ್ಲ. ಉಳಿದ ಎಷ್ಟೋ ಅರಮನೆಗಳು ವಿಲಾಯತಿ ನಾಯಿ ತರಿಸುತ್ತಿದ್ದ ಕಾಲದಲ್ಲಿ ಅವರು ಊರ ನಾಯಿಯನ್ನ ನೋಡಿದರು.

1937ರವರೆಗೆ ಆಳಿದರು, 1939ರಲ್ಲಿ ತೀರಿಕೊಂಡರು. ಗಾದಿಗೆ ಬಂದ ಭೈರವಸಿಂಹರಾವ್ ಆಗ ಇನ್ನೂ ಎಂಟು ವರ್ಷದ ಹುಡುಗ. 1948ರಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅರಮನೆಯ ಕಾಲ ಮುಗಿದ ಮೇಲೂ ನಾಯಿ ಮುಗಿಯಲಿಲ್ಲ, ಸುತ್ತಲಿನ ಹಳ್ಳಿಯವರು ಹೊಲ, ಕುರಿ ಕಾಯೋಕೆ ಸಾಕುತ್ತಲೇ ಇದ್ದರು. 2005ರಲ್ಲಿ ಅಂಚೆ ಚೀಟಿ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈಗ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿಂದ 8 ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಮರಿ ಮಾರಿ ಸಂಸಾರ ತೂಗಿಸೋ ಮನೆಗಳು ಆ ಹಳ್ಳಿಗಳಲ್ಲಿ ಇವತ್ತಿಗೂ ಇವೆ.