ಕಿರಣ್ ಹಾರಿಸಿದ ಘಾಟಗೆ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರೆಲ್ಲ ಚಾಪಲ್ ನೌಕೆಯ ಮುಂದೆ ಒಂದು, ಟುಪೊಲೆವ್ ವಿಮಾನದ ಮುಂದೆ ಒಂದು ಫೋಟೊ ತೆಗೆಸ್ಕೊಂಡೇ ಬರ್ತಾರೆ. ಅತ್ತ ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರ್ತದೆ ಅನ್ನೋ ಮಾತು. ನೌಕಾಪಡೆಯ ರನ್‌ವೇ, ಪಕ್ಕದಲ್ಲಿ ನಾಗರಿಕ ವಿಮಾನಗಳಿಗೂ ಜಾಗ. ನಮ್ಮ ಹಾಸ್ಟೆಲ್ ಚರ್ಚೆ ಮಾತ್ರ ಒಂದೇ ಕಡೆ ಹೋಗಿ ನಿಲ್ತದೆ: ಅಲ್ಲಿ ದೊಡ್ಡವರ ಪ್ರೈವೇಟ್ ಜೆಟ್ ಇಳೀತದಾ? ಇಳಿದರೆ ಅದು ಯಾವ ದೇಶದ್ದಾಗಿರ್ತದೆ ಅಂತ ಯಾರೂ ಕೇಳೋದಿಲ್ಲ. ಹೊರಗಿನದ್ದೇ ಅಂತ ನಾವು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇವೆ.

ಆದರೆ ಅರವತ್ತು ವರ್ಷಗಳ ಹಿಂದೆಯೇ, ನಮ್ಮ ಬೆಂಗಳೂರಿನಲ್ಲಿ, ಭಾರತೀಯರೇ ವಿನ್ಯಾಸ ಮಾಡಿದ ಒಂದು ಹಗುರ ಜೆಟ್ ಹಾರಿತ್ತು. ಅದರ ಹಿಂದಿದ್ದವರು ಡಾ. ವಿಷ್ಣು ಮಾಧವ ಘಾಟಗೆ. ಕಲಾಂ, ಧವನ್ ಹೆಸರು ಗೊತ್ತಿರುವ ನಮ್ಮಲ್ಲಿ ಈ ಹೆಸರು ಗೊತ್ತಿರುವವರು ಕಡಿಮೆ. ವಿಮಾನಶಾಸ್ತ್ರದವರಿಗೆ ಮಾತ್ರ ಇದು ದೊಡ್ಡ ಹೆಸರು. ಅವರ ಹೆಸರಿನಲ್ಲಿ ಪ್ರಶಸ್ತಿಯೇ ಇದೆ.

ಘಾಟಗೆ ಹುಟ್ಟಿದ್ದು 1908ರಲ್ಲಿ, ನಮ್ಮ ಬೆಳಗಾವಿ ಗಡಿಗೆ ಅಂಟಿಕೊಂಡ ಕೊಲ್ಲಾಪುರ ಸೀಮೆಯಲ್ಲಿ. ಮುಂಬಯಿಯಲ್ಲಿ ಓದು ಮುಗಿಸಿ ಜರ್ಮನಿಯ ಗಟಿಂಗನ್‌ಗೆ ಹೋದರು. ಅಲ್ಲಿ ಗುರು ಯಾರು ಗೊತ್ತಾ? ಲುಡ್ವಿಗ್ ಪ್ರಾಂಟ್‌ಲ್! ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ನಮ್ಮನ್ನು ಕಾಡುವ ಬೌಂಡರಿ ಲೇಯರ್ ಇದೆಯಲ್ಲ, ಅದನ್ನು 1904ರಲ್ಲಿ ಲೋಕಕ್ಕೆ ಕೊಟ್ಟವರು ಅವರೇ. ಅವರ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಪಡೆದು ಘಾಟಗೆ ಊರಿಗೆ ಮರಳಿದರು. ಆದರೆ ಆಗ ಈ ದೇಶದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. ಕೈಯಲ್ಲಿ ಪದವಿ ಇದೆ, ಕೆಲಸ ಮಾಡಲು ಜಾಗ ಇಲ್ಲ. ಕೋರ್ ಕಂಪನಿ ಕ್ಯಾಂಪಸ್ಸಿಗೆ ಬರಲ್ಲ ಅಂತ ಗೊಣಗುವ ನಮಗೆ ಈ ಸ್ಥಿತಿ ಅರ್ಥವಾದೀತು. ಅವರು ಪಾಠ ಹೇಳುತ್ತ ಕಾದರು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಘಾಟಗೆ ಅಲ್ಲಿಗೆ ಬಂದರು. ಬಂದವರೇ ಸೈನಿಕರನ್ನು ಸಾಗಿಸುವ ಹತ್ತು ಆಸನಗಳ ಗ್ಲೈಡರ್ ಒಂದರ ವಿನ್ಯಾಸ ಮಾಡಿದರು. ಹೆಸರು ಜಿ-1. ಆ ಕಾರ್ಖಾನೆಯ ಮೊದಲ ಸ್ವಂತ ವಿನ್ಯಾಸ ಅದು. ಅದು ಹಾರಿತು, ಆದರೆ ಆರ್ಡರ್ ಬರಲಿಲ್ಲ. ಒಂದಕ್ಕೇ ನಿಂತಿತು. ಅಷ್ಟರಲ್ಲಿ ಯುದ್ಧ ಪೂರ್ವಕ್ಕೆ ಹಬ್ಬಿ, ಇಡೀ ಕಾರ್ಖಾನೆ ಮಿತ್ರಪಡೆಗಳ ವಿಮಾನ ರಿಪೇರಿಯ ಗ್ಯಾರೇಜ್ ಆಯಿತು. ವಿನ್ಯಾಸದ ಕೆಲಸಕ್ಕೆ ಬೀಗ ಬಿತ್ತು.

ಘಾಟಗೆ ಕೈಕಟ್ಟಿ ಕೂರಲಿಲ್ಲ. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಐಐಎಸ್‌ಸಿಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನು ಕಟ್ಟಿ ನಿಲ್ಲಿಸುವ ಕೆಲಸ ಕೈಗೆತ್ತಿಕೊಂಡರು. ವಿಮಾನ ಕಟ್ಟಲು ಬಿಡದಿದ್ದರೆ ವಿಮಾನ ಕಟ್ಟುವವರನ್ನು ತಯಾರು ಮಾಡೋಣ, ಅವರ ಲೆಕ್ಕ ಹೀಗೇ ಇದ್ದಿರಬೇಕು ಅಂತ ನಮಗನ್ನಿಸ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಕಾರ್ಖಾನೆಗೆ ಬಂದು ಎಚ್‌ಟಿ-2 ಎಂಬ ತರಬೇತಿ ವಿಮಾನ ಮಾಡಿದರು. ಪೂರ್ತಿ ಲೋಹದ ಮೈ, ರೆಕ್ಕೆ ಕೆಳಗೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. 1951ರ ಆಗಸ್ಟಿನಲ್ಲಿ ಕ್ಯಾಪ್ಟನ್ ಜಮ್ಷೆಡ್ ಮುನ್ಷಿ ಅದನ್ನು ಮೊದಲ ಸಲ ಹಾರಿಸಿದರು. ಈ ಬಾರಿ ಒಂದಕ್ಕೆ ನಿಲ್ಲಲಿಲ್ಲ, ನೂರೈವತ್ತಕ್ಕೂ ಮಿಕ್ಕಿ ತಯಾರಾದವು. ಘಾನಾ ದೇಶದ ವಾಯುಪಡೆಗೂ ಹೋದವು. ಆಮೇಲೆ 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆ ಪುಷ್ಪಕ್, ಮರುವರ್ಷ ಸೇನೆಗೆ ಕೃಷಕ್.

ಇಲ್ಲೊಂದು ವಿಷಯ ಗಮನಿಸಬೇಕು. 1956ರಲ್ಲಿ ಸರ್ಕಾರ ಮಾರುತ್ ಯುದ್ಧವಿಮಾನಕ್ಕಾಗಿ ಜರ್ಮನಿಯಿಂದ ಕರ್ಟ್ ಟ್ಯಾಂಕ್ ಅವರನ್ನು ಕರೆಸಿತು. ಎಲ್ಲರ ಕಣ್ಣು ಆ ಕಡೆ. 1961ರಲ್ಲಿ ಮಾರುತ್ ಹಾರಿದ್ದೂ ನಿಜ, ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ಘಾಟಗೆ ತಂಡ ಹಿಡಿದ ದಾರಿ ಬೇರೆ. ಸಿಗುವ ಎಂಜಿನ್ ಮೊದಲು ನೋಡು, ಅದಕ್ಕೆ ಹೊಂದುವ ವಿಮಾನ ಮಾಡು, ಮುಗಿಸು. ಅದೇ ವರ್ಷ ಅವರು ಕಿರಣ್ ಜೆಟ್‌ನ ಕೆಲಸ ಆರಂಭಿಸಿದರು. ಬ್ರಿಟನ್ನಿನ ವೈಪರ್ ಎಂಜಿನ್ ಒಂದು, ನೂಕುಬಲ 2,500 ಪೌಂಡು. ಗುರು-ಶಿಷ್ಯರು ಅಕ್ಕಪಕ್ಕ ಕೂರುವ, ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಕಾಕ್‌ಪಿಟ್. 1964ರ ಸೆಪ್ಟೆಂಬರ್ 4ರಂದು ಸುರಂಜನ್ ದಾಸ್ ಅದನ್ನು ಮೇಲೇರಿಸಿದರು. ನಾಲ್ಕು ವರ್ಷದೊಳಗೆ ಡ್ರಾಯಿಂಗ್ ಬೋರ್ಡಿನಿಂದ ಆಕಾಶಕ್ಕೆ!

ಅಮೆರಿಕದ ಕತೆಯನ್ನೂ ಪಕ್ಕದಲ್ಲಿಟ್ಟು ನೋಡೋಣ. ಬಿಲ್ ಲಿಯರ್ ಎಂಬ ಹಟವಾದಿಯ ಲಿಯರ್‌ಜೆಟ್ 23 ಮೊದಲು ಹಾರಿದ್ದು 1963ರ ಅಕ್ಟೋಬರ್ 7ರಂದು, ಅಂದರೆ ಕಿರಣ್‌ಗಿಂತ ಬರೀ ಹನ್ನೊಂದು ತಿಂಗಳು ಮುಂಚೆ. ಬಿಸಿನೆಸ್ ಜೆಟ್ ಅಂದರೆ ಇಂದಿಗೂ ಜನ ನೆನೆಯುವ ಹೆಸರು ಅದು. ಕುತೂಹಲ ಏನಂದ್ರೆ, ಅದೂ ಸ್ವಿಟ್ಜರ್ಲೆಂಡಿನ ಒಂದು ಯುದ್ಧವಿಮಾನದ ವಿನ್ಯಾಸದಿಂದಲೇ ಹುಟ್ಟಿದ್ದು. ಗರಿಷ್ಠ ತೂಕ ಸುಮಾರು 5,670 ಕಿಲೋ, ನಮ್ಮ ಕಿರಣ್‌ನದು ಸುಮಾರು 4,200. ಗಾತ್ರದಲ್ಲಿ ಆಕಾಶ-ಪಾತಾಳದ ವ್ಯತ್ಯಾಸವಿಲ್ಲ. ಆದರೆ ಲಿಯರ್‌ಗೆ ಎರಡು ಎಂಜಿನ್, ತಲಾ 2,850 ಪೌಂಡು. ದುಡ್ಡು ಕೊಟ್ಟು ಕೂತ ಪ್ರಯಾಣಿಕರಿರುವಾಗ ಒಂದು ಎಂಜಿನ್ ನಿಂತರೆ ಇನ್ನೊಂದು ಮನೆ ಮುಟ್ಟಿಸಬೇಕು. ಕಿರಣ್‌ನಲ್ಲಾದರೆ ಹಾರಿ ಹೊರಬೀಳುವ ಸೀಟು ಇತ್ತು, ಪ್ರಯಾಣಿಕರಿಗೆ ಅದು ಆಗದ ಮಾತು.

ಹಾಗಾದರೆ ನಮ್ಮಲ್ಲಿ ಬಿಸಿನೆಸ್ ಜೆಟ್ ಯಾಕೆ ಹುಟ್ಟಲಿಲ್ಲ? ಬುದ್ಧಿ ಇಲ್ಲದ್ದಕ್ಕಲ್ಲ. ಲಿಯರ್‌ನಿಂದ ಕೊಳ್ಳಲು ಕಂಪನಿಗಳು ಸಾಲುಗಟ್ಟಿದ್ದವು, ಇಳಿಯಲು ಊರೂರಿಗೆ ರನ್‌ವೇ ಇತ್ತು. ಘಾಟಗೆಗೆ ಇದ್ದ ದೊಡ್ಡ ಗಿರಾಕಿ ಒಂದೇ, ಸರ್ಕಾರ. ಇನ್ನೊಂದು ಕೊರತೆ ಎಂಜಿನ್. ಕಿರಣ್‌ಗೆಂದೇ ಎಚ್‌ಜೆಇ-2500 ಎಂಬ ದೇಸಿ ಎಂಜಿನ್ ಮಾಡುವ ಕೆಲಸವೂ ನಡೆದಿತ್ತು, ಅದು ಅರ್ಧಕ್ಕೇ ನಿಂತುಹೋಯಿತು. ಆ ಎಂಜಿನ್ ಕೈಗೂಡಿದ್ದರೆ ಕತೆ ಬೇರೆಯಾಗ್ತಿತ್ತೇನೋ. ಎಂಜಿನ್ ವಿಷಯದಲ್ಲಿ ನಾವು ಇವತ್ತಿಗೂ ಹೊರಗಿನವರ ಬಾಗಿಲು ತಟ್ಟುತ್ತಲೇ ಇದ್ದೇವೆ.

1965ರಲ್ಲಿ ಘಾಟಗೆ ಅವರಿಗೆ ಪದ್ಮಶ್ರೀ ಬಂತು. ಕಿರಣ್ 1968ರಲ್ಲಿ ಸೇವೆಗೆ ಸೇರಿತು. ಆಮೇಲೆ ಎರಡನೇ ಮಾದರಿಯೂ ತಯಾರಾಯಿತು. ಐದು ದಶಕ ದಾಟಿದರೂ ವಾಯುಪಡೆಯ ಪೈಲಟ್‌ಗಳು ಅದರಲ್ಲೇ ಜೆಟ್ ಹಾರಿಸಲು ಕಲಿತರು. ಬೀದರಿನ ಸೂರ್ಯಕಿರಣ ತಂಡ ಒಂಬತ್ತು ವಿಮಾನ ಸೇರಿಸಿ ಚಿತ್ತಾರ ಬಿಡಿಸಿದ್ದು ಇದರಲ್ಲೇ. ನಮ್ಮ ಕಾರವಾರಕ್ಕೆ ಮಗ್ಗುಲಲ್ಲೇ ಇರುವ ಗೋವೆಯ ದಾಬೋಳಿ ನೌಕಾನೆಲೆಯಿಂದ ಸಾಗರ್ ಪವನ್ ತಂಡ ಹಾರಿಸಿದ್ದೂ ಕಿರಣ್‌ಗಳನ್ನೇ. ಇದರ ಜಾಗ ತುಂಬಲು ಮಾಡಿದ ಸಿತಾರಾ ಜೆಟ್ 2003ರಲ್ಲಿ ಹಾರಿದರೂ, ಗಿರಕಿ ಹೊಡೆಯುವಾಗಿನ ತೊಂದರೆ ಬಗೆಹರಿಸುವುದರಲ್ಲೇ ವರ್ಷಗಟ್ಟಲೆ ಹಿಡಿಯಿತು. ಆಗ ಗೊತ್ತಾಗ್ತದೆ, ಸರಳವಾದ ತರಬೇತಿ ವಿಮಾನ ಮಾಡೋದು ಸರಳ ಕೆಲಸ ಅಲ್ಲ ಅಂತ.

1991ರಲ್ಲಿ ಘಾಟಗೆ ತೀರಿಕೊಂಡರು. ಗ್ಲೈಡರ್‌ಗೆ ಆರ್ಡರ್ ಬರದೆ ಇದ್ದಾಗ, ವಿನ್ಯಾಸದ ಕೆಲಸಕ್ಕೆ ಬೀಗ ಬಿದ್ದಾಗ, ಹೊರಗಿನ ತಜ್ಞರ ಮೇಲೇ ಬೆಳಕು ಬಿದ್ದಾಗ ಬಿಟ್ಟು ಹೋಗಲು ಅವರಿಗೆ ಕಾರಣ ಬೇಕಾದಷ್ಟಿತ್ತು. ಹೋಗಲಿಲ್ಲ.

ಅಲಗೇರಿಯ ನಿಲ್ದಾಣಕ್ಕಾಗಿ ಗದ್ದೆ-ಮನೆ ಬಿಡುವವರು ನಮ್ಮ ಜಿಲ್ಲೆಯ ಜನ. ಸೀಬರ್ಡ್‌ಗೂ ಅವರೇ ಬಿಟ್ಟುಕೊಟ್ಟವರು. ಅಲ್ಲಿ ಜೆಟ್ ಇಳಿಯುವ ದಿನ ಅವರ ಮಕ್ಕಳು ಬೇಲಿ ಹಿಡಿದು ನೋಡುತ್ತ ನಿಲ್ಲಬೇಕೋ, ಹ್ಯಾಂಗರ್ ಒಳಗೆ ಎಂಜಿನ್ ಬಿಚ್ಚಿ ನೋಡುತ್ತಿರಬೇಕೋ? ಈ ಪ್ರಶ್ನೆ ಎಂಜಿನಿಯರಿಂಗ್ ಓದುತ್ತಿರುವ ನಮಗೇ ಸೇರಿದ್ದು. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಸಿವಿಲ್, ಎಲ್ಲರಿಗೂ ಅಲ್ಲಿ ಕೆಲಸ ಇದೆ. ಮುಂದಿನ ಸಲ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಪ್ರಾಂಟ್‌ಲ್ ಹೆಸರು ಕಂಡಾಗ ಪುಟ ಮಗುಚುವ ಮುನ್ನ ಅವರ ಈ ಶಿಷ್ಯನನ್ನೂ ಒಮ್ಮೆ ನೆನೆಯೋಣ. ಬ್ಯಾಕ್‌ಲಾಗ್ ಇದ್ದರೆ ಅದನ್ನೂ ಕ್ಲಿಯರ್ ಮಾಡೋಣ!