ಶುಶ್ರೂಷಕಿ ಮೇರಿ ಸೀಕೋಲ್

ಕ್ರಿಮಿಯಾ ಯುದ್ಧದ ಮಾತು ಬಂದೊಡನೆ, ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸಂಚರಿಸಿದ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುತ್ತದೆ. ಅದು ಸಹಜವೇ. ಆದರೆ ಅದೇ ಯುದ್ಧದಲ್ಲಿ, ಯಾರ ಆಜ್ಞೆಯೂ ಇಲ್ಲದೆ, ಸರ್ಕಾರದ ಸಂಬಳದ ಒಂದು ಕಾಸನ್ನೂ ಕಾಣದೆ, ರೋಗಿಗಳಿಗಾಗಿ ದುಡಿದ ಮತ್ತೊಬ್ಬ ಮಹಿಳೆ ಇದ್ದಳು. ಆಕೆಯೇ ಮೇರಿ ಸೀಕೋಲ್.

ಮೇರಿ 1805ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಜನಿಸಿದಳು. ಜಮೈಕಾ ಆಗ ಬ್ರಿಟಿಷರ ವಸಾಹತು. ಅಲ್ಲಿನ ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ತಂದವರೂ ಅವರ ಸಂತತಿಯವರೂ ಗುಲಾಮರಾಗಿ ದುಡಿಯುತ್ತಿದ್ದ ಕಾಲ. ಮೇರಿಯ ತಂದೆ ಸ್ಕಾಟ್ಲೆಂಡಿನ ಸೈನಿಕ. ತಾಯಿ ಗುಲಾಮಳಲ್ಲದ, ಸ್ವತಂತ್ರಳಾದ ಸ್ಥಳೀಯ ಮಹಿಳೆ. ಆ ತಾಯಿ ವಸತಿಗೃಹವೊಂದನ್ನು ನಡೆಸುತ್ತ, ಗಿಡಮೂಲಿಕೆಗಳ ಔಷಧಿಯಿಂದ ಸೈನ್ಯಾಧಿಕಾರಿಗಳ ಶುಶ್ರೂಷೆ ಮಾಡುತ್ತಿದ್ದಳು. ಬಾಲಕಿ ಮೇರಿ ತಾಯಿಯ ಕೈಕೆಲಸವನ್ನು ನೋಡಿ ಮೊದಲು ತನ್ನ ಗೊಂಬೆಗೂ, ಆಮೇಲೆ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ಮಾಡಿದಳು! 1836ರಲ್ಲಿ ವಿವಾಹವಾದ ಆಕೆ 1844ರಲ್ಲಿ ಪತಿಯನ್ನು ಕಳೆದುಕೊಂಡಳು.

1850ರಲ್ಲಿ ಜಮೈಕಾದಲ್ಲಿ ಕಾಲರಾ ಹಬ್ಬಿತು. 1851ರಲ್ಲಿ ಆಕೆ ಪನಾಮಾದಲ್ಲಿದ್ದ ಸಹೋದರನ ಬಳಿಗೆ ಹೋದಾಗ ಆ ಮಾರಿ ಅಲ್ಲಿಗೂ ಬಂದಿತು. ಅಂದು ಅನೇಕ ವೈದ್ಯರು ಬಳಸುತ್ತಿದ್ದ ಪಾದರಸದ ಔಷಧಿಗಳನ್ನು ಆಕೆಯೂ ಬಳಸಿದಳು. ಅವು ಹಾನಿಕರವೆಂಬುದು ಇಂದು ತಿಳಿದ ವಿಷಯ. ಆದರೆ ರೋಗಿಯನ್ನು ಬಿಟ್ಟು ಓಡಿಹೋಗದ ಧೈರ್ಯ ಆಕೆಯದು. ಆಕೆಯ ಗೌರವಾರ್ಥ ನಡೆದ ಔತಣವೊಂದರಲ್ಲಿ ಅಮೆರಿಕದವನೊಬ್ಬ ಆಕೆಯ ಸೇವೆಯನ್ನು ಹೊಗಳುತ್ತಲೇ, ಸಾಧ್ಯವಿದ್ದರೆ ಆಕೆಯ ಮೈಬಣ್ಣವನ್ನು ಬಿಳುಪಾಗಿಸುತ್ತಿದ್ದೆವೆಂಬ ಅರ್ಥದ ಮಾತಾಡಿದನು. ತನ್ನ ಬಣ್ಣದ ಬಗ್ಗೆ ತನಗೆ ಯಾವ ವ್ಯಥೆಯೂ ಇಲ್ಲವೆಂದು ಆಕೆ ಅಲ್ಲಿಯೇ ಎದ್ದುನಿಂತು ಉತ್ತರಿಸಿದಳು. ಊರಿಗೆ ಮರಳುವಾಗ ಅಮೆರಿಕದ ಹಡಗಿನಲ್ಲಿ ಬಿಳಿಯ ಸ್ತ್ರೀಯರು ಆಕೆಯೊಡನೆ ಕುಳಿತು ಪಯಣಿಸಲು ಒಪ್ಪಲಿಲ್ಲ. ಹಣ ತೆತ್ತಿದ್ದರೂ ಇಳಿದು ಬೇರೆ ಹಡಗಿಗಾಗಿ ಕಾಯಬೇಕಾಯಿತು. 1853ರಲ್ಲಿ ಜಮೈಕಾದಲ್ಲಿ ಹಳದಿ ಜ್ವರ ಹರಡಿದಾಗ ಮಾತ್ರ, ತಮ್ಮ ಶಿಬಿರಕ್ಕೆ ದಾದಿಯರನ್ನು ಒದಗಿಸಬೇಕೆಂದು ಬ್ರಿಟಿಷ್ ಸೈನ್ಯದವರೇ ಆಕೆಯನ್ನು ಕೇಳಿಕೊಂಡರು.

ಮರುವರ್ಷ ಇಂಗ್ಲೆಂಡು ರಷ್ಯದ ಮೇಲೆ ಯುದ್ಧ ಹೂಡಿತು. ಗುಂಡಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆಗಳಿಂದ ಸೈನಿಕರು ಸಾಯುತ್ತಿದ್ದರು. ಆ ರೋಗಗಳನ್ನು ತನ್ನಷ್ಟು ಬಲ್ಲವರು ವಿರಳವೆಂದು ಮೇರಿಗೆ ಗೊತ್ತಿತ್ತು. 1854ರ ಶರತ್ಕಾಲದಲ್ಲಿ ಆಕೆ ಲಂಡನ್ನಿನಲ್ಲಿದ್ದಳು. ನೈಟಿಂಗೇಲಳೂ 38 ಮಂದಿ ದಾದಿಯರೂ ಅಕ್ಟೋಬರ್ 21ರಂದು ಹೊರಟಿದ್ದರು. ಇನ್ನೊಂದು ತಂಡಕ್ಕೆ ಆಯ್ಕೆ ನಡೆಯುತ್ತಿತ್ತು. ಮೇರಿ ಸೇನಾ ಕಚೇರಿಗೆ ಹೋದಳು. ವೈದ್ಯಕೀಯ ಇಲಾಖೆಗೆ ಹೋದಳು. ದಾದಿಯರನ್ನು ಆರಿಸುತ್ತಿದ್ದ ಮಂತ್ರಿಪತ್ನಿಯ ಮನೆಯ ಬಾಗಿಲಿನಲ್ಲಿ ಬಹಳ ಹೊತ್ತು ಕಾದು ಕುಳಿತಳು. ಯುದ್ಧನಿಧಿಯ ವ್ಯವಸ್ಥಾಪಕರನ್ನೂ ಬೇಡಿದಳು. ಸೈನ್ಯಾಧಿಕಾರಿಗಳು ಬರೆದುಕೊಟ್ಟ ಪ್ರಶಂಸಾಪತ್ರಗಳು ಆಕೆಯಲ್ಲಿದ್ದವು. ಎಲ್ಲಿಯೂ ಕೆಲಸ ಕೊಡಲಿಲ್ಲ. ತನ್ನ ಚರ್ಮದ ಬಣ್ಣವೇ ಇದಕ್ಕೆ ಕಾರಣವಾಗಿರಬಹುದೇ ಎಂಬ ಶಂಕೆ ಆಗ ಮೂಡಿತೆಂದೂ, ಬೀದಿಯಲ್ಲಿ ನಿಂತು ಅತ್ತೆನೆಂದೂ ಆಕೆ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಳು. ಆಕೆಗೆ ವಯಸ್ಸು ಮೀರಿತ್ತು, ತಡವಾಗಿ ಬಂದಳು ಎಂದು ವಾದಿಸುವ ಇತಿಹಾಸಕಾರರೂ ಉಂಟು. ಇರಬಹುದು. ಆದರೆ ಬಣ್ಣ ನೋಡಿ ದೂರವಿಡುವ ಕಚೇರಿ ಅದನ್ನು ಕಡತದಲ್ಲಿ ಬರೆದಿಡುವುದು ಎಲ್ಲಿಯಾದರೂ ಉಂಟೇ?

ಆಕೆ ಹಿಂದಿರುಗಲಿಲ್ಲ. ಪತಿಯ ಬಂಧುವೊಬ್ಬನೊಡನೆ ಪಾಲುದಾರಳಾಗಿ, ಸ್ವಂತ ಹಣದಿಂದ ಸರಕು ಕೊಂಡು ಹೊರಟಳು. ದಾರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ನೈಟಿಂಗೇಲಳನ್ನು ಕಂಡು, ಒಂದು ರಾತ್ರಿ ಅಲ್ಲಿ ತಂಗಿದಳು. ಬಾಲಕ್ಲಾವಾ ಬಂದರಿಗೂ ಮುತ್ತಿಗೆಗೊಳಗಾದ ಸೆವಾಸ್ತೊಪೋಲ್ ನಗರಕ್ಕೂ ನಡುವಣ ಬೆಟ್ಟದ ಮೇಲೆ, ನೀರಿನಲ್ಲಿ ತೇಲಿಬಂದ ಮರ, ಸರಕಿನ ಪೆಟ್ಟಿಗೆಗಳ ಹಲಗೆ ಹಾಗೂ ತಗಡುಗಳಿಂದ ಕಟ್ಟಿದ ಆಕೆಯ ‘ಬ್ರಿಟಿಷ್ ಹೋಟೆಲ್’ 1855ರ ವಸಂತದಲ್ಲಿ ಆರಂಭವಾಯಿತು. ಅದು ಧರ್ಮಛತ್ರವಲ್ಲ, ವ್ಯಾಪಾರದ ಸ್ಥಳ. ಅಧಿಕಾರಿಗಳು ಹಣ ಕೊಟ್ಟು ಊಟ, ಮದ್ಯ, ಬಟ್ಟೆ ಕೊಳ್ಳುತ್ತಿದ್ದರು. ಆದರೆ ಬೆಳಗಿನ ಹೊತ್ತು ಜ್ವರ ಭೇದಿಗಳಿಂದ ಬಳಲಿದ ಸೈನಿಕರು ಬಾಗಿಲಿಗೆ ಬರುತ್ತಿದ್ದರು. ಹಣವಿಲ್ಲದವರಿಗೂ ಔಷಧಿ ದೊರೆಯುತ್ತಿತ್ತು. ಬಂದರಿನಲ್ಲಿ ಹಡಗಿಗಾಗಿ ಕಾಯುತ್ತಿದ್ದ ಗಾಯಾಳುಗಳನ್ನು ಆಕೆ ಉಪಚರಿಸಿದಳು. ಯುದ್ಧದ ದಿನ ಔಷಧಿಯ ಚೀಲ ಹೊತ್ತು ರಣರಂಗಕ್ಕೇ ನಡೆದಳು. ಸೈನಿಕರ ಬಾಯಲ್ಲಿ ಆಕೆ ತಾಯಿಯೇ ಆದಳು. ನೈಟಿಂಗೇಲಳ ಅಭಿಪ್ರಾಯ ಬೇರೆಯಿತ್ತು: 1870ರ ಖಾಸಗಿ ಪತ್ರವೊಂದರಲ್ಲಿ ಆಕೆ ಮೇರಿಯ ದಯಾಗುಣವನ್ನು ಒಪ್ಪಿಕೊಂಡರೂ, ಆಕೆ ಇದ್ದೆಡೆ ಕುಡಿತ ಹೆಚ್ಚುವುದೆಂದು ದೂರಿದ್ದಾಳೆ.

1856ರ ಮಾರ್ಚಿಯಲ್ಲಿ ಸಂಧಿಯಾಯಿತು. ಸೈನ್ಯ ಹೊರಟುಹೋಗಿ ಸರಕು ಉಳಿದುಕೊಂಡಿತು. ಆಕೆ ಸಾಲಗಾರಳಾಗಿ ಲಂಡನ್ನಿಗೆ ಮರಳಿ ದಿವಾಳಿಯಾದಳು. ಸೈನಿಕರೂ ಅಧಿಕಾರಿಗಳೂ ಸಹಾಯನಿಧಿ ಕೂಡಿಸಿದರು. 1857ರ ಜುಲೈಯಲ್ಲಿ ಆಕೆಗಾಗಿ ನಾಲ್ಕು ದಿನಗಳ ಸಂಗೀತೋತ್ಸವ ನಡೆದು ಸಹಸ್ರಾರು ಜನ ನೆರೆದರೂ ಕೈಸೇರಿದ್ದು ಅತ್ಯಲ್ಪ. ಅದೇ ವರ್ಷ ಆತ್ಮಕಥೆ ಪ್ರಕಟವಾಯಿತು. ಭಾರತದಲ್ಲಿ ದಂಗೆ ನಡೆಯುತ್ತಿದ್ದ ಆ ವರ್ಷ ಇಲ್ಲಿಗೂ ಬರಬೇಕೆಂದು ಆಕೆ ಬಯಸಿದ್ದುಂಟು, ಅದು ಕೈಗೂಡಲಿಲ್ಲ. 1881ರ ಮೇ 14ರಂದು ಲಂಡನ್ನಿನಲ್ಲಿ ನಿಧನಳಾದಳು. ಅನಂತರ ಸುಮಾರು ನೂರು ವರ್ಷ ಆಕೆಯ ಹೆಸರನ್ನು ಎತ್ತಿದವರೇ ಕಡಿಮೆ.

1948ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ದಾದಿಯರ ಕೊರತೆ ತೀವ್ರವಾಗಿತ್ತು. ಆಗ ಮೇರಿಯ ನಾಡಿನಿಂದಲೂ ನೆರೆಯ ದ್ವೀಪಗಳಿಂದಲೂ ತರುಣಿಯರನ್ನು ಇಂಗ್ಲೆಂಡೇ ಕರೆಸಿಕೊಂಡಿತು. ಬಾಗಿಲು ತೆರೆಯಿತು, ಆದರೆ ಅರ್ಧ ಮಾತ್ರ. ಮೂರು ವರ್ಷದ ಪೂರ್ಣ ತರಬೇತಿಗೆ ಅರ್ಹರಾಗಿದ್ದ ಅನೇಕರನ್ನು ಎರಡು ವರ್ಷದ ಕೆಳದರ್ಜೆಯ ತರಬೇತಿಗೆ ಹಾಕಲಾಯಿತು. ಎರಡಕ್ಕೂ ಇದ್ದ ಅಂತರ ಹಲವರಿಗೆ ತಿಳಿದದ್ದು ಮುಗಿದ ಮೇಲೆಯೇ. ಆ ಪ್ರಮಾಣಪತ್ರದಿಂದ ಮೇಲಿನ ಹುದ್ದೆ ದೊರೆಯದು, ಸ್ವದೇಶದ ಅನೇಕ ಕಡೆ ಮಾನ್ಯತೆಯೂ ಇಲ್ಲ. ಕಪ್ಪು ಕೈ ತಮ್ಮನ್ನು ಮುಟ್ಟಬಾರದೆಂದ ರೋಗಿಗಳೂ ಇದ್ದರು. ಇಂಥ ದಾದಿಯರ ನಡುವೆಯೇ ಮೇರಿಯ ನೆನಪು ಮತ್ತೆ ಚಿಗುರಿತು. ಪಾಳುಬಿದ್ದಿದ್ದ ಆಕೆಯ ಸಮಾಧಿ 1973ರಲ್ಲಿ ಜೀರ್ಣೋದ್ಧಾರವಾಯಿತು. ಲಂಡನ್ನಿನಲ್ಲಿ ನೈಟಿಂಗೇಲಳು 1860ರಲ್ಲಿ ದಾದಿಯರ ಶಾಲೆ ಸ್ಥಾಪಿಸಿದ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ, ಕೆಲವರ ವಿರೋಧವಿದ್ದರೂ, 2016ರ ಜೂನ್ 30ರಂದು ಮೇರಿ ಸೀಕೋಲಳ ಪ್ರತಿಮೆ ಅನಾವರಣಗೊಂಡಿತು. ನದಿಯ ಆಚೆಗೆ ಪಾರ್ಲಿಮೆಂಟ್ ಭವನವಿದೆ. ಪ್ರತಿಮೆ ಅತ್ತ ಮುಖ ಮಾಡಿ ನಡೆಯುವಂತೆ ನಿಂತಿದೆ.